ಫಿಲೊಮೇನಾಳ ನಲವತ್ತು ನಿಮಿಷ

ನಮ್ಮ ಕಣಿವೆಗೆ ಬಂದವರು ಎಲ್ಲಿ ಮಲಗಬೇಕು, ಏನು ತಿನ್ನಬೇಕು, ಯಾವ ದಿನ ಹಿಮನದಿಗೆ ಹೋಗಬೇಕು ಎಂಬುದನ್ನೆಲ್ಲ ಮೂವತ್ತಮೂರು ವರ್ಷ ಫಿಲೊಮೇನಾ ಒಬ್ಬಳೇ ತೀರ್ಮಾನಿಸುತ್ತಿದ್ದಳು. ಬಸ್ ನಿಲ್ದಾಣದ ಎದುರಿನ ಪ್ರವಾಸಿ ಮಾಹಿತಿ ಕಚೇರಿಯಲ್ಲಿ ಅವಳ ಮೇಜು. ನಾನು ರೈಲು ನಿಲ್ದಾಣದಿಂದ ಕಣಿವೆಯ ತುದಿಯವರೆಗೆ ಬಸ್ಸು ಓಡಿಸುತ್ತಿದ್ದವನು. ದಿನಕ್ಕೆ ಆರು ಸಲ ಅವಳ ಬಾಗಿಲ ಮುಂದೆ ನಿಲ್ಲುತ್ತಿದ್ದೆನಾದ್ದರಿಂದ ಅವಳ ದರ್ಬಾರು ನನಗೆ ಬಾಯಿಪಾಠ.

ಬಂದವರ ಮುಖ ನೋಡುವ ಮೊದಲು ಅವಳು ಕಾಲು ನೋಡುತ್ತಿದ್ದಳು. ಒಮ್ಮೆ ಹ್ಯಾಂಬರ್ಗಿನ ದಂತವೈದ್ಯರೊಬ್ಬರು ಬಿಳಿ ಬಟ್ಟೆಯ ಶೂ ಹಾಕಿಕೊಂಡು ಬಂದು, ಮೂರು ದಿನ ಇರುತ್ತೇನೆ, ಹಿಮನದಿಯ ಮೇಲೆ ನಡೆಯಬೇಕು ಎಂದರು.

“ಈ ಶೂ ಹಾಕ್ಕೊಂಡು ಚರ್ಚಿಗೆ ಹೋಗ್ಬಹುದು ಸ್ವಾಮಿ,” ಎಂದಳು ಫಿಲೊಮೇನಾ. “ಅದೂ ಮಳೆ ಬರ್ದಿದ್ರೆ.”

ಅವಳ ಯೋಜನೆ ಎಲ್ಲರಿಗೂ ಒಂದೇ. ಮೊದಲ ದಿನ ಸುಮ್ಮನೆ ಊರು ಸುತ್ತಿ, ಕರಗಿದ ಚೀಸ್ ತಿಂದು ಬೇಗ ಮಲಗುವುದು. ಎರಡನೆಯ ದಿನ ಹಿಮನದಿ. ಮೂರನೆಯ ದಿನ ಕಾಲು ನೋವಿಗೆ ಬಿಟ್ಟದ್ದು. ಕೊನೆಗೊಂದು ಕರಪತ್ರ ಕೈಗಿಡುತ್ತಿದ್ದಳು. ಕೆಲಸಕ್ಕೆ ಸೇರಿದ ವರ್ಷ ತಾನೇ ಬರೆದ ಅದರಲ್ಲಿ, ‘ಕೊನೆಯ ಬಸ್ ನಿಲ್ದಾಣದಿಂದ ಹಿಮನದಿಗೆ ನಲವತ್ತು ನಿಮಿಷದ ಸುಖವಾದ ನಡಿಗೆ’ ಎಂದಿತ್ತು.

ಸಂಜೆ ಹೊತ್ತಿಗೆ ಕೆಲವರು ಕುಂಟುತ್ತ ಬಂದು, “ಎರಡೂವರೆ ಗಂಟೆ ಆಯ್ತಲ್ಲಮ್ಮ,” ಎಂದು ದೂರುತ್ತಿದ್ದರು.

“ದಾರಿ ಉದ್ದಕ್ಕೂ ಫೋಟೋ ತೆಗೀತಾ ನಿಂತಿರ್ತೀರಿ,” ಎಂದು ಅವರಿಗೇ ಬುದ್ಧಿ ಹೇಳಿ ಕಳಿಸುತ್ತಿದ್ದಳು.

ಅವಳ ಅಣ್ಣನ ಮಗ ಅಮಾಂಡುಸ್ ಪರ್ವತದ ಮಾರ್ಗದರ್ಶಿ. ಅವನೂ ಒಮ್ಮೆ ಹೇಳಿ ನೋಡಿದ. “ಅತ್ತೆ, ಹಿಮನದಿ ಕರಗಿ ತುಂಬ ಹಿಂದೆ ಹೋಗಿದೆ.”

“ಬೇಸಿಗೇಲಿ ಹೋಗುತ್ತೆ, ಚಳಿಗಾಲದಲ್ಲಿ ಬರುತ್ತೆ. ನಂಗೇ ಹೇಳ್ಕೊಡ್ತೀಯೇನೋ?”

ನಿಜವೇನೆಂದರೆ, ಒಂಬತ್ತು ವರ್ಷದವಳಿದ್ದಾಗ ಶಾಲೆಯಿಂದ ಕರೆದುಕೊಂಡು ಹೋಗಿದ್ದು ಬಿಟ್ಟರೆ ಅವಳು ಆ ಕಡೆ ತಲೆ ಹಾಕಿರಲಿಲ್ಲ. ಬೇಸಿಗೆಯಲ್ಲಿ ಜನ, ಚಳಿಗಾಲದಲ್ಲಿ ಹಿಮ. ಮನೆಯ ಹಿಂದೆಯೇ ಇರುವುದನ್ನು ನೋಡಲು ಯಾರು ರಜೆ ಹಾಕುತ್ತಾರೆ?

ನಿವೃತ್ತಿಯ ದಿನ ಕಚೇರಿಯವರು ಅವಳಿಗೆ ಕಣಿವೆಯ ತುದಿಯ ವಸತಿಗೃಹದಲ್ಲಿ ಮೂರು ದಿನದ ವಾಸ್ತವ್ಯವನ್ನೇ ಉಡುಗೊರೆಯಾಗಿ ಕೊಟ್ಟರು. ಅವಳು ಹಿಟ್ಟು ನಾದುವ ಯಂತ್ರ ನಿರೀಕ್ಷಿಸಿದ್ದಳು. ಆದರೂ ಮನೆಗೆ ಹೋಗಿ ಯೋಜನೆ ಬರೆಯಲು ಕೂತಳು. ಏಳುವ ಹೊತ್ತು, ಹೊರಡುವ ಹೊತ್ತು, ಮಳೆ ಬಂದರೆ, ಗಾಳಿ ಬಂದರೆ, ಗಂಡ ಗೊಣಗಿದರೆ ಏನು ಎಂದೆಲ್ಲ ಬರೆದು ಮುಗಿಸುವಷ್ಟರಲ್ಲಿ ನಾಲ್ಕು ಪುಟವಾಯಿತು.

ಗಂಡ ಥಿಯೊಡುಲ್ ಚೀಸ್ ಮಾಡಿ ನಿವೃತ್ತನಾದವನು, ಮಾತು ಕಡಿಮೆ. ಕನ್ನಡಕ ಏರಿಸಿ ನಾಲ್ಕೂ ಪುಟ ಓದಿದ. “ನಮ್ಮ ಮದುವೇಗೆ ಅರ್ಧ ಪುಟ ಸಾಕಾಗಿತ್ತು ಕಣೇ,” ಎಂದ.

“ಅದಕ್ಕೇ ಅವತ್ತು ಊಟ ಸಾಲ್ಲಿಲ್ಲ.”

ಅವರು ವಸತಿಗೃಹಕ್ಕೆ ಬಂದ ಎರಡನೆಯ ದಿನ ನನಗೂ ರಜೆ. ಬೆಳಗ್ಗೆ ಎಂಟಕ್ಕೆ ಸರಿಯಾಗಿ ನಾವು ನಾಲ್ವರು ಹೊರಟೆವು. ಅಮಾಂಡುಸ್ ಹಗ್ಗ, ಮಂಜುಗಡ್ಡೆ ಕಡಿಯುವ ಕೊಡಲಿ ಹೊತ್ತಿದ್ದ, ಥಿಯೊಡುಲ್ ರೊಟ್ಟಿ ಹೊತ್ತಿದ್ದ, ಫಿಲೊಮೇನಾ ಗಡಿಯಾರ ನೋಡುತ್ತಿದ್ದಳು. ಎಂಟು ನಲವತ್ತಕ್ಕೆ ಒಂದು ದೊಡ್ಡ ಬಂಡೆ ಸಿಕ್ಕಿತು. ಅದರ ಮೇಲೆ ಕೆಂಪು ಬಣ್ಣದಲ್ಲಿ ಒಂದು ಇಸವಿ. ಸುತ್ತಲೂ ಪೊದೆ, ಜೇನುಹುಳು, ಮೇಯುವ ಎರಡು ಹಸು.

“ಬುತ್ತಿ ಬಿಚ್ಚಿ,” ಎಂದಳು. “ಇಲ್ಲೇ ಹಿಮನದಿ ನೋಡ್ತಾ ತಿನ್ನೋದು ಅಂತ ಬರ್ದಿದೆ.”

ಥಿಯೊಡುಲ್ ವಿಧೇಯನಾಗಿ ಬುತ್ತಿ ಬಿಚ್ಚಿ ಹಸುಗಳನ್ನು ನೋಡಿದ. “ಯಾವುದು ಹಿಮನದಿ? ಕಂದು ಬಣ್ಣದ್ದಾ?”

“ದಾರಿ ತಪ್ಪಿಸಿದ್ದೀಯ ಕಣೋ,” ಎಂದು ಅವಳು ಅಮಾಂಡುಸನ ಮೇಲೆ ಹರಿಹಾಯ್ದಳು.

“ಇಲ್ಲ ಅತ್ತೆ. ನೀವು ಕೆಲಸಕ್ಕೆ ಸೇರಿದ ವರ್ಷ ಮಂಜುಗಡ್ಡೆ ಈ ಬಂಡೆ ತನಕ ಇತ್ತು. ಅದಕ್ಕೇ ಇಸವಿ ಬರೆದಿರೋದು.”

ಅವಳು ಬಿಚ್ಚಿದ ಬುತ್ತಿಯನ್ನು ತಾನೇ ಕಟ್ಟಿ ಗಂಡನ ಕೈಗಿಟ್ಟು ಮುಂದೆ ನಡೆದಳು.

ಮುಂದೆ ಇನ್ನೊಂದು ಬಂಡೆ, ಇನ್ನೊಂದು ಇಸವಿ. ಪ್ರತಿ ಬಂಡೆಯ ಬಳಿಯೂ ಅವಳು ಗಡಿಯಾರ ನೋಡುವಳು, ಉಸಿರು ಬಿಡುವಳು, ನಡೆಯುವಳು. ಹತ್ತೂವರೆಗೆ ಕಪ್ಪು ಕಲ್ಲು ಮಣ್ಣಿನ ಒಂದು ಇಳಿಜಾರು ಎದುರಾಯಿತು.

“ಇದೇ,” ಎಂದ ಅಮಾಂಡುಸ್.

“ಇದು ರಸ್ತೆ ರಿಪೇರಿಗೆ ತಂದು ಸುರಿದ ಜಲ್ಲಿ ಇದ್ದಂಗಿದೆಯಲ್ಲೋ.”

ಅವನು ಕೊಡಲಿಯಿಂದ ನಾಲ್ಕು ಏಟು ಹಾಕಿದ. ಮಣ್ಣಿನಡಿಯಿಂದ ನೀಲಿ ಮಂಜುಗಡ್ಡೆ ಕಂಡಿತು. ಜಾರದಂತೆ ಅವಳ ಬೂಟಿಗೆ ಕಬ್ಬಿಣದ ಮುಳ್ಳು ಬಿಗಿದು, ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ಕರೆದುಕೊಂಡು ಹೋದ. ಹೊಸದಾಗಿ ನಡೆಯಲು ಕಲಿತ ಮಗುವಿನಂತೆ ಕಾಲು ಅಗಲಿಸಿ ಇಪ್ಪತ್ತು ಹೆಜ್ಜೆ ಹಾಕಿದಳು. ಆಮೇಲೆ ಮೊಣಕಾಲೂರಿ, ಕೈಗವಸು ತೆಗೆದು, ಮಂಜುಗಡ್ಡೆಯ ಮೇಲೆ ಅಂಗೈ ಇಟ್ಟಳು. ಒಳಗೆಲ್ಲೋ ನೀರು ಓಡುತ್ತಿದ್ದ ಸದ್ದು ನಮಗೂ ಕೇಳುತ್ತಿತ್ತು. ಅವಳು ಏಳಲು ಬಹಳ ಹೊತ್ತು ಹಿಡಿಯಿತು. ಕಣ್ಣು ಕೆಂಪಾಗಿದ್ದವು, ಗಾಳಿಯೆಂದಳು. ಗಾಳಿ ಇರಲಿಲ್ಲ.

ಇಳಿಯುವಾಗ ಎದುರಿಗೆ ಪೋಲೆಂಡಿನ ಗಂಡಹೆಂಡತಿ ಸಿಕ್ಕರು. ಬೆವರಿ ಒದ್ದೆಯಾಗಿದ್ದರು. ಗಂಡನ ಕೈಯಲ್ಲಿ ಅದೇ ಕರಪತ್ರ.

“ಇನ್ನೇನು ಹತ್ತು ನಿಮಿಷ ತಾನೆ?” ಎಂದು ಕೇಳಿದ.

ನಾನೂ ಥಿಯೊಡುಲ್‌ನೂ ಆಕಾಶ ನೋಡಿದೆವು.

“ಇನ್ನೂ ಒಂದು ಗಂಟೆ ಮೇಲಿದೆ,” ಎಂದಳು ಫಿಲೊಮೇನಾ. “ಅದನ್ನ ಬರೆದವಳಿಗೆ ತಲೆ ನೆಟ್ಟಗಿರ್ಲಿಲ್ಲ. ನೀರಿದೆಯಾ ನಿಮ್ಮತ್ರ?” ಉಳಿದ ರೊಟ್ಟಿ, ಒಣಮಾಂಸ ಎಲ್ಲ ಅವರ ಚೀಲಕ್ಕೆ ತುರುಕಿದಳು. ಥಿಯೊಡುಲ್ ತನ್ನ ಪಾಲು ಹೋಗುವುದನ್ನು ನೋಡುತ್ತ ನಿಂತ.

ಮೂರನೆಯ ದಿನ ಯೋಜನೆಯಲ್ಲಿದ್ದ ವಿಶ್ರಾಂತಿ ರದ್ದಾಯಿತು. ಮೊದಲ ಬಸ್ಸಿಗೇ ಕೆಳಗಿಳಿದು ಕಚೇರಿಗೆ ಹೋದಳು. ಅವಳ ಜಾಗಕ್ಕೆ ಬಂದ ಹುಡುಗಿ, ಈ ವರ್ಷದ ಕರಪತ್ರ ಆಗಲೇ ಮುದ್ರಣವಾಗಿ ಬಂದಿದೆ, ಇನ್ನೇನೂ ಮಾಡಲಾಗದು ಎಂದಳು. ಫಿಲೊಮೇನಾ ಆ ಪೆಟ್ಟಿಗೆಗಳನ್ನೇ ನನ್ನ ಬಸ್ಸಿಗೆ ಹೇರಿಸಿ ವಸತಿಗೃಹಕ್ಕೆ ತಂದಳು. ಊಟದ ಮೇಜಿನ ಮೇಲೆ ಸುರಿದು ಗಂಡನ ಕೈಗೊಂದು ಪೆನ್ನು ಕೊಟ್ಟಳು.

“ನಲವತ್ತು ನಿಮಿಷ ಹೊಡ್ದು ಹಾಕಿ ಎರಡೂವರೆ ಗಂಟೆ ಅಂತ ಬರೀರಿ.”

ಥಿಯೊಡುಲ್ ಒಂದು ಬರೆದ. ಎರಡನೆಯದಕ್ಕೆ ಕೈ ನಿಲ್ಲಿಸಿದ.

“ಮುಂದಿನ ವರ್ಷ ಅದು ಇನ್ನೂ ದೂರ ಹೋದ್ರೆ?”

ಅವಳು ಕಿಟಕಿಯಾಚೆ ಹಿಮನದಿಯ ಕಡೆ ನೋಡಿದಳು. ಆಮೇಲೆ ಅವನ ಕೈಯಿಂದ ಪೆನ್ನು ಕಿತ್ತುಕೊಂಡು, ವಸತಿಗೃಹದವರನ್ನು ಕೇಳಿ ಎರಡು ಪೆನ್ಸಿಲ್ ತಂದಳು. ಸಂಜೆ ನಾನು ಕೊನೆಯ ಬಸ್ಸು ತಂದು ನಿಲ್ಲಿಸಿದಾಗಲೂ ಇಬ್ಬರೂ ಬರೆಯುತ್ತಲೇ ಇದ್ದರು. ಒಂದು ಪೆಟ್ಟಿಗೆಯೂ ಮುಗಿದಿರಲಿಲ್ಲ. ನನಗೂ ಒಂದು ಕಟ್ಟು ತಳ್ಳಿ, “ಕೂತ್ಕೋ ಮಾರಾಯ, ಅಕ್ಷರ ನೆಟ್ಟಗಿರ್ಲಿ,” ಎಂದಳು.