ಎದೆಯಲ್ಲೊಂದು ಹೆಚ್ಚಿನ ಸ್ನಾಯು

ಗೆಳೆಯರೇ, ಇವತ್ತು ಉದಗೀರಿನ ಒಂದು ಆಸ್ಪತ್ರೆಯಲ್ಲಿ ಜಗಳ ಮಾಡಿ ಬಂದಿದ್ದೇನೆ.

ಹೋದ ವಾರದ ಮ್ಯಾಮೊಗ್ರಾಮ್‌ನಲ್ಲಿ ನನ್ನ ಎದೆಮೂಳೆಯ ಪಕ್ಕ ಗಂಟಿನಂಥ ನೆರಳು ಕಂಡಿತ್ತು. ಖಾತ್ರಿಗೆಂದು ಸ್ಕ್ಯಾನ್ ಮಾಡಿಸಿದ್ದರು. ಅಂದಿನಿಂದ ನನಗೆ ಊಟ ಸೇರಿರಲಿಲ್ಲ. ಇವತ್ತು ಡಾಕ್ಟರು ರಿಪೋರ್ಟ್ ನೋಡಿ, "ನಿಮ್ಮ ಮಾಲಕರನ್ನ ಒಳಗ ಕರೀರಿ, ಅವರಿಗೆ ಹೇಳ್ತೀನಿ," ಎಂದರು. ನಮ್ಮ ಗಡಿ ಕಡೆಯ ಮರಾಠಿಯಲ್ಲಿ ಗಂಡನಿಗೆ ಮಾಲಕ ಎನ್ನುತ್ತಾರೆ.

"ಅವರು ನಮ್ಮೂರು ಕಾಸಾರಶಿರಸಿಯ ಕಿರಾಣಿ ಅಂಗಡಿಗೆ ಮಾಲಕರು ಇದ್ದಾರ್ರೀ. ಈ ಎದಿಗೆ ನಾನೇ ಮಾಲಕಿ. ನನಗೇ ಹೇಳ್ರಿ," ಎಂದೆ.

"ಹೆಣ್ಮಕ್ಕಳು ಅಂಜತಾರ ತಾಯಿ."

"ಒಂದು ವಾರದಿಂದ ಅಂಜಕೋತೇ ಕುಂತೀನ್ರಿ. ನೀವು ಹೇಳೋತನಕ ಏಳಂಗಿಲ್ಲ."

ಹೊರಗೆ ಸಾಲು ಬೆಳೆಯುತ್ತಿತ್ತು. ಕೊನೆಗೆ ಅವರು ಸ್ಕ್ಯಾನಿನ ಚಿತ್ರವನ್ನು ನನ್ನ ಕಡೆ ತಿರುಗಿಸಿದರು. ಅದು ಗಂಟಲ್ಲವಂತೆ, ಸ್ಟರ್ನಾಲಿಸ್ ಎಂಬ ಚಪ್ಪಟೆ ಸ್ನಾಯುವಂತೆ. ಹುಟ್ಟಿನಿಂದಲೇ ಕೆಲವರಿಗೆ ಮಾತ್ರ ಇರುತ್ತದೆ, ಮ್ಯಾಮೊಗ್ರಾಮ್‌ನಲ್ಲಿ ಗಂಟಿನ ಹಾಗೆ ಕಂಡು ಡಾಕ್ಟರರನ್ನೂ ದಾರಿ ತಪ್ಪಿಸುತ್ತದೆ. ಕೊಯ್ಯುವುದೂ ಬೇಡ, ಔಷಧವೂ ಬೇಡ.

"ಮುಂದ ಎಲ್ಲಿ ತಪಾಸಣಿ ಮಾಡಿಸಿದ್ರೂ ಈ ಸ್ನಾಯು ಅದ ಅಂತ ಮೊದಲೇ ಹೇಳ್ರಿ. ಇಲ್ಲಾಂದ್ರ ಗಂಟು ಅಂತ ತಿಳಿದು ಸುಮ್ಮನ ಸೂಜಿ ಚುಚ್ಚಿ ನೋಡ್ತಾರ," ಎಂದರು. ಈ ಸಲ ನನ್ನ ಮುಖ ನೋಡಿಯೇ ಹೇಳಿದರು. ನನ್ನ ಕಣ್ಣು ತುಂಬಿ ಬಂತು, ಆದರೆ ಅವರೆದುರು ಅಳಲಿಲ್ಲ.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಅವರು ದೇವರಿಗೆ ಕೈಮುಗಿದು, "ಮಂದಿಗಿಂತ ನಿನಗ ಒಂದು ಹೆಚ್ಚಿಗಿ ಅದ ಅನ್ನು. ಅದಕ್ಕೇ ನೀ ಯಾರ ಮಾತೂ ಕೇಳಂಗಿಲ್ಲ," ಎಂದರು.

ರಿಪೋರ್ಟಿನಲ್ಲಿ ಹಾಗೇನೂ ಬರೆದಿಲ್ಲ. ಆದರೂ ನಾನು ಅಲ್ಲವೆನ್ನಲಿಲ್ಲ.