ನಲವತ್ತೊಂದಕ್ಕೂ ನಲವತ್ತೆರಡಕ್ಕೂ ಎಷ್ಟು ದೂರ

ಮದ್ದೂರಿನ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಪಾಠ ಮಾಡುತ್ತೇನೆ. ಅದೇ ತಾಲ್ಲೂಕಿನ ಕೊಪ್ಪದ ಕಡೆಯ ಹಳ್ಳಿಗೆ ಸೊಸೆಯಾಗಿ ಬಂದು ಆರು ವರ್ಷವಾಗಿದ್ದರೂ ಒಂದು ದಿನವೂ ಡೈರಿಗೆ ಹಾಲು ಹಾಕಿದವಳಲ್ಲ. ಬೆಳಗಿನ ಬಸ್ಸು ಹಿಡಿಯಬೇಕೆಂಬ ನೆಪ ಸದಾ ಸಿದ್ಧವಿರುತ್ತಿತ್ತು. ಹಸು, ಎಮ್ಮೆ, ಹುಲ್ಲು, ಹಾಲು ಎಲ್ಲ ಅತ್ತೆಯ ಪಾಲು. ಬುದ್ಧಿ ಮಾತ್ರ ನನ್ನ ಪಾಲು ಎಂದು ನಂಬಿಕೊಂಡಿದ್ದೆ.

ಒಮ್ಮೆ ಮಂಡ್ಯದಲ್ಲಿ ನಮಗೊಂದು ತರಬೇತಿ ನಡೆಯಿತು. ಯಾವುದಾದರೂ ದತ್ತಾಂಶ ತಂದು, ಅದರಲ್ಲಿ ಯಾವುದು ಯಾವುದಕ್ಕೆ ಹತ್ತಿರ ಎಂದು ಲೆಕ್ಕ ಹಾಕಿ ತೋರಿಸಿ ಎಂದರು. ನಮ್ಮೂರ ಡೈರಿಯ ಕಾರ್ಯದರ್ಶಿಯನ್ನು ಕೇಳಿದೆ. ಅವರು ಒಂದು ತಿಂಗಳ ಹಾಲಿನ ಫ್ಯಾಟು, ಅಂದರೆ ಕೊಬ್ಬು, ಮತ್ತು ಗಟ್ಟಿತನ ಹೇಳುವ ಡಿಗ್ರಿಗಳನ್ನು ಪೆನ್‌ಡ್ರೈವಿಗೆ ತುಂಬಿ ಕೊಟ್ಟರು. ಹೆಸರುಗಳಿರಲಿಲ್ಲ, ಬರೀ ಸದಸ್ಯರ ನಂಬರು. “ಮೇಡಂ, ನಮ್ ಕಂಪ್ಯೂಟ್ರು ಎರಡು ದಿನದಿಂದ ಮಂಡ್ಯದ ಆಫೀಸಿಗೆ ಏನೂ ಕಳಿಸ್ತಿಲ್ಲ, ವಸಿ ನೋಡ್ಬುಡಿ” ಎಂದೂ ಕೇಳಿಕೊಂಡರು.

ನನ್ನ ಲೆಕ್ಕ ಮುಗಿಸಿಕೊಂಡು ಸಂಜೆ ಡೈರಿಗೆ ಹೋದೆ. ಕ್ಯಾನು ಹಿಡಿದವರ ಸಾಲು ಬಾಗಿಲಾಚೆಗೂ ಇತ್ತು. ವಿಚಾರಿಸಲು ಮಂಡ್ಯದಿಂದ ಮೇಲ್ವಿಚಾರಕರೂ ಬಂದು ಕೂತಿದ್ದರು. ಇಷ್ಟು ಜನರನ್ನು ನೋಡಿದ ಮೇಲೆ ನನಗೆ ಕೇಳಬೇಕೆ! ಕಂಪ್ಯೂಟರಿನಿಂದ, ಮಾಹಿತಿಯನ್ನು ಅತ್ತಿಂದಿತ್ತ ದಾಟಿಸುವ ರೂಟರಿಗೆ ಪಿಂಗ್ ಮಾಡಿದೆ. ಅಂದರೆ “ಇದ್ದೀಯಾ?” ಎಂದು ಕೂಗಿ, “ಇದ್ದೀನಿ” ಎಂಬ ಉತ್ತರಕ್ಕೆ ಕಾಯುವುದು. ಒಮ್ಮೆ ಬಂತು, ಒಮ್ಮೆ ಇಲ್ಲ. ನೋಡಿದರೆ, ಬಾಗಿಲ ಮೇಲಿನ ಹೊಸ ಕ್ಯಾಮೆರಾಕ್ಕೂ ಕಂಪ್ಯೂಟರಿಗೂ ಒಂದೇ ಐಪಿ ವಿಳಾಸ ಕೊಟ್ಟಿದ್ದರು. “ಎರಡು ಮನೆಗೆ ಒಂದೇ ನಂಬರಿದ್ದರೆ ಪೋಸ್ಟ್‌ಮನ್ ಕಾಗದ ಯಾರಿಗೆ ಕೊಡಬೇಕು?” ಎಂದು ಸಾಲಿಗೆಲ್ಲ ಕೇಳುವಂತೆ ಪಾಠ ಮಾಡಿ, ಕ್ಯಾಮೆರಾದ ವಿಳಾಸ ಬದಲಿಸಿದೆ. ಡೈರಿಯ ಮಾಹಿತಿ ಮಂಡ್ಯಕ್ಕೆ ಹೊರಟಿತು.

ಅಲ್ಲಿಗೆ ಸುಮ್ಮನೆ ಮನೆಗೆ ಹೋಗಬಹುದಿತ್ತು. ಮೇಲ್ವಿಚಾರಕರು “ಭೇಷ್” ಅಂದರು, ನಾನು ಉಬ್ಬಿಹೋದೆ. ಪೆನ್‌ಡ್ರೈವಿನಲ್ಲಿದ್ದ ನನ್ನ ಲೆಕ್ಕವನ್ನೂ ತೆರೆದೆ.

“ಮಂಡ್ಯದಿಂದ ಮಳವಳ್ಳಿಗೆ ಎಷ್ಟು ದೂರ ಅಂತ ಅಳೀತೀವಲ್ಲ ಸಾರ್, ಹಾಲನ್ನೂ ಹಾಗೇ ಅಳೀಬಹುದು. ಎರಡು ಮನೆಯ ಫ್ಯಾಟಿನ ವ್ಯತ್ಯಾಸ, ಡಿಗ್ರಿಯ ವ್ಯತ್ಯಾಸ ತಗೊಂಡು, ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆದರೆ ಆಯ್ತು. ಸೊನ್ನೆ ಬಂದರೆ ಎರಡೂ ಹಾಲು ಒಂದೇ.”

“ಎಲ್ಲರಿಗಿಂತ ಹತ್ತಿರ ಯಾರು?”

“ನಲವತ್ತೊಂದು, ನಲವತ್ತೆರಡು. ತಿಂಗಳಿಡೀ ಸೊನ್ನೆಯ ಆಸುಪಾಸು! ಒಂದೇ ಕೆಚ್ಚಲಿನ ಹಾಲು ಅನ್ನಬೇಕು.”

ಕಾರ್ಯದರ್ಶಿ ಗೋಡೆಯ ಕ್ಯಾಲೆಂಡರ್ ಓದತೊಡಗಿದರು. ಎದುರಿಗೇ ಅತ್ತೆ ನಿಂತಿದ್ದರು, ಅವರ ಹಿಂದೆ ಪಕ್ಕದ ಮನೆಯಾಕೆ. ಇಬ್ಬರ ಕೈಯ ಪಾಸ್‌ಬುಕ್ಕಿನ ಮೇಲೂ ದಪ್ಪಕ್ಷರದಲ್ಲಿ ನಂಬರು ಬರೆದಿತ್ತು. ಅತ್ತೆಯದು ನಲವತ್ತೆರಡು, ಆಕೆಯದು ನಲವತ್ತೊಂದು.

ನಮ್ಮ ಹುಲ್ಲಿನ ಮೆದೆ ತಮ್ಮ ಹಿತ್ತಲ ಗೋಡೆಗೆ ಒರಗಿತೆಂದು ಆಕೆ ಜಗಳ ತೆಗೆದ ಮೇಲೆ ಮೂರು ವರ್ಷದಿಂದ ಇಬ್ಬರಿಗೂ ಮಾತಿರಲಿಲ್ಲ. ಈಗ ಆಕೆಯ ಹಸು ಗಬ್ಬವಾಗಿ ಹಾಲು ಬತ್ತಿತ್ತು. ವರ್ಷಕ್ಕೆ ಇಂತಿಷ್ಟು ದಿನ ಹಾಲು ಹಾಕದ ಸದಸ್ಯರಿಗೆ ಡೈರಿಯ ಸಭೆಯಲ್ಲಿ ಕೈ ಎತ್ತುವ ಹಕ್ಕಿಲ್ಲ. ಅದಕ್ಕೇ ಅತ್ತೆ ದಿನಾ ಕರೆದ ಹಾಲಿನಲ್ಲಿ ಒಂದು ಪಾಲನ್ನು ಆ ಗೋಡೆಯ ಮೇಲಿಟ್ಟು ಬರುತ್ತಿದ್ದರು. ಆಕೆ ಅದನ್ನು ತನ್ನ ನಂಬರಿಗೆ ಹಾಕುತ್ತಿದ್ದಳು. ಹಸು ಬತ್ತಿದವರಿಗೆ ಹೀಗೆ ಮಾಡುವುದು ಊರಿನ ಪದ್ಧತಿ. ಗೊತ್ತಿಲ್ಲದವಳು ನಾನೊಬ್ಬಳೇ.

“ಒಂದೇ ಹಸುವಿನ ಹಾಲು ಇಬ್ಬರು ಹಾಕೋ ಹಾಗಿಲ್ಲ,” ಎಂದು ಮೇಲ್ವಿಚಾರಕರು ಪೆನ್ನು ತೆಗೆದರು. “ನಲವತ್ತೊಂದರ ದಿನಗಳನ್ನ ಹೊಡೆದುಹಾಕಬೇಕಾಗುತ್ತೆ.”

ಅತ್ತೆ ಮುಂದೆ ಬಂದರು. “ಅದ್ಯಾಕ್ ಸಾಮಿ? ನಮ್ಮಸ, ಅವರಸ ಒಂದೇ ತಾಯಿ ಮಕ್ಳು. ಒಂದೇ ಬದಿನ ಹುಲ್ಲು ಮೇಯ್ತವೆ. ಆಲು ಒಂದೇ ತರ ಇಲ್ದೆ ಇನ್ನೆಂಗಿರ್ತದೆ?”

ಮೇಲ್ವಿಚಾರಕರು ನನ್ನತ್ತ ತಿರುಗಿದರು. “ಹೀಗೂ ಆಗುತ್ತಾ ಮೇಡಂ?”

ಸುಳ್ಳು ಲೆಕ್ಕ ಬರೆಯಬೇಡಿ ಎಂದು ಕಾಲೇಜಿನಲ್ಲಿ ದಿನವೂ ಗದರುವವಳು ನಾನು. “ಆಗುತ್ತೆ ಸಾರ್,” ಎಂದೆ. “ಒಂದು ತಿಂಗಳ ದತ್ತಾಂಶ ಏನೇನೂ ಸಾಲದು.” ಪೆನ್ನು ಜೇಬಿಗೆ ಹೋಯಿತು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮಾರನೆಯ ಬೆಳಿಗ್ಗೆ ಅತ್ತೆ ಪಕ್ಕದ ಮನೆಯ ಪಾಲಿನ ಕ್ಯಾನಿಗೆ ಎರಡು ಲೋಟ ಎಮ್ಮೆ ಹಾಲು ಸುರಿದು ನನ್ನ ಕೈಗಿಟ್ಟರು. “ಈಗ ಎಷ್ಟ್ ದೂರ ಬತ್ತದೆ ಲೆಕ್ಕ ಆಕವ್ವ. ಇನ್ಮೇಲೆ ನೀನೇ ಕೊಟ್ ಬಾ.” ಗೋಡೆಯಾಚೆ ನಿಂತಿದ್ದ ಆಕೆ ಕ್ಯಾನಿನೊಳಗೆ ಇಣುಕಿ, “ಎಮ್ಮೆ ಆಲು ಜಾಸ್ತಿ ಆಯ್ತು ಅಂತ ನಿಮ್ಮತ್ತೆಗೆ ಯೋಳು” ಎಂದಳು. ನನ್ನ ಬೆನ್ನ ಹಿಂದೆಯೇ ಇದ್ದ ಅತ್ತೆ, “ನಾಳೆ ಕಮ್ಮಿ ಆಕ್ತೀನಿ ಅಂತ ಅವಳಿಗ್ ಯೋಳು” ಎಂದರು. ಇಬ್ಬರ ನಡುವೆ ನಾನೇ ರೂಟರ್ ಆಗಿ, ಆ ದಿನದ ಬಸ್ಸು ತಪ್ಪಿತು.

ಸಭೆಯ ದಿನ ಬಂತು. ಬೆಳಗಿನ ಹಾಲು ಅರ್ಧ ಗಂಟೆ ಮೊದಲೇ ತೆಗೆದುಕೊಳ್ಳಬೇಕೆಂದು ಅತ್ತೆ ಎದ್ದು ನಿಂತು ಕೇಳಿದರು. ಬೇಡ ಎನ್ನುವವರು ಕೈ ಎತ್ತಿ ಎಂದಾಗ ಎಲ್ಲರಿಗಿಂತ ಮೊದಲು ಎದ್ದದ್ದು ನಲವತ್ತೊಂದರ ಕೈ. ಅತ್ತೆಯ ಮಾತು ಬಿದ್ದುಹೋಯಿತು. ನನಗೆ ಮೈಯೆಲ್ಲ ಉರಿಯಿತು.

“ನಮ್ಮ ಹಾಲು ಹಾಕಿ ಉಳಿಸಿದ ಕೈ ಅತ್ತೆ, ನಿಮ್ಮ ವಿರುದ್ಧವೇ ಎದ್ದಿತಲ್ಲ!”

ಅತ್ತೆ ಚಪ್ಪಲಿ ಮೆಟ್ಟಿಕೊಂಡರು. “ಅವಳಿಷ್ಟದಂಗೆ ಎತ್ಲಿ ಅಂತ್ಲೇ ಅಲ್ವೇನವ್ವ ಉಳಿಸಿದ್ದು. ನಾ ಯೋಳ್ದಂಗೆ ಎತ್ತೋದಾದ್ರೆ, ನಂಗೇ ಎರಡು ಕೈ ಇಲ್ವಾ?”