ಸಹಿಗಾಗಿ ಹುಡುಕಿದ ಬಾತುಗಳು

ತೊಂಬತ್ತರ ದಶಕದಲ್ಲಿ ಕತಾರಿನಿಂದ ಊರಿಗೆ ಹೊರಡಬೇಕಾದರೆ ಸ್ಪಾನ್ಸರನ, ಅಂದರೆ ವೀಸಾ ಕೊಟ್ಟ ಅಲ್ಲಿನ ಯಜಮಾನನ, ಸಹಿ ಬೇಕಿತ್ತು. ನನ್ನ ಸ್ಪಾನ್ಸರನನ್ನು ಅರ್ಬಾಬ್ ಎನ್ನುತ್ತಿದ್ದೆ. ಚಳಿ ಶುರುವಾಯಿತೆಂದರೆ ಆತನಿಗೆ ಕಾಡುಬಾತುಗಳ ಹುಚ್ಚು. ಕೋವಿ ಹಿಡಿದು ದೂರದ ಕಡಲತೀರಕ್ಕೆ ಹೋದರೆ ನಾಲ್ಕು ದಿನ ಪತ್ತೆಯಿಲ್ಲ. ಆ ವರ್ಷ ಅದೇ ಹೊತ್ತಿಗೆ ನನ್ನ ತಂಗಿಯ ಮದುವೆ. ಸಹಿ ತಪ್ಪಿದರೆ ನನಗೆ ಮದುವೆಯೂ ತಪ್ಪುತ್ತಿತ್ತು. ಹಾಗಾಗಿ ಆತ ದೂರ ಹೋಗದಿರಲೆಂದು ದೋಹಾದ ಹತ್ತಿರವೇ ಬಾತುಗಳನ್ನು ಹುಡುಕಲು ಹೊರಟೆ.

ನನ್ನ ಅಂಗಡಿಗೆ ಬರುತ್ತಿದ್ದ ಟ್ಯಾಂಕರ್ ಡ್ರೈವರ್, ಪುತ್ತೂರಿನ ಹಮೀದ್, "ನಾವು ಕೊಳಚೆ ನೀರು ಬಿಡುವ ಹೊಂಡದಲ್ಲಿ ರಾಶಿ ಉಂಟು ಕಾಕ, ಬೆಳಿಗ್ಗೆ ಬನ್ನಿ" ಎಂದ. ಮೂರು ದಿನ ಬೆಳಿಗ್ಗೆ ಹೋಗಿ ನೋಡಿದೆ. ಬಿಸಿಲೇರುವವರೆಗೂ ಜೊಂಡಿನ ಮರೆಯಲ್ಲಿ ನೂರಾರು ಬಾತುಗಳಿದ್ದವು.

ಶುಕ್ರವಾರ ಅರ್ಬಾಬನನ್ನು ಕರೆದೊಯ್ದೆ. ಆತ ಮೂಗು ಮುಚ್ಚಿಕೊಂಡು, "ಇದು ಯಾವ ನೀರು?" ಎಂದ.

"ಊರಿನ ಬಚ್ಚಲ ನೀರು, ಅರ್ಬಾಬ್."

"ಈ ಹಕ್ಕಿಯನ್ನು ನಾನು ತಿನ್ನಬೇಕಾ?"

"ತಿನ್ನುವುದು ನಿಮಗೆ ಬಿಟ್ಟದ್ದು. ಹೊಡೆಯುವುದಕ್ಕೆ ಇಷ್ಟು ಹತ್ತಿರ ಬೇರೆಲ್ಲೂ ಸಿಗುವುದಿಲ್ಲ," ಎಂದು ಸಹಿಯ ಕಾಗದ ಮುಂದೆ ಹಿಡಿದೆ.

ಆತ ಜೀಪಿನ ಬಾನೆಟ್ಟಿನ ಮೇಲಿಟ್ಟು ಸಹಿ ಹಾಕಿದ. "ಖಲಾಸ್. ಇನ್ನು ಬಾಯಿ ಮುಚ್ಚು, ಹಕ್ಕಿಗಳು ಹೆದರುತ್ತವೆ."

ಮದುವೆ ಚೆನ್ನಾಗಿ ಮುಗಿಸಿ ಬಂದೆ. ಆ ಚಳಿಗಾಲ ಪೂರ್ತಿ ಆತ ಹೊಂಡಕ್ಕೇ ಹೋದ. ಆತನ ಮನೆಗೆ ಊಟಕ್ಕೆ ಕರೆದಾಗಲೆಲ್ಲ ನಾನು ಮೀನನ್ನಷ್ಟೇ ಬಡಿಸಿಕೊಂಡೆ.